ಭಾವನ ಗಾಜಿನ ಕೆರೆ

ಶಿಕಾರಿಪುರದ ನಮ್ಮ ಭಾವನ ಮನೆಗೆ ಬಂದವರಲ್ಲಿ, ಹತ್ತು ನಿಮಿಷದೊಳಗೆ ಬಚ್ಚಲು ಎಲ್ಲಿದೆ ಎಂದು ಕೇಳದೆ ಹೋದವರು ಒಬ್ಬರೂ ಇಲ್ಲ! ನಾನು ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎಂದು ನಿಮಗೆ ಅನಿಸಿದರೆ ಅದು ನಿಮ್ಮ ತಪ್ಪಲ್ಲ, ಪಾಪ, ನೀವು ಆ ಮನೆಯ ಹಾಲಿನಲ್ಲಿ ಕುಳಿತವರಲ್ಲ. ನೆಂಟರಿಷ್ಟರು, ಮೀಟರ್ ಓದುವವರು, ಗಣಪತಿ ಚಂದಾ ಎತ್ತಲು ಬಂದವರು, ಯಾರನ್ನೂ ಅದು ಬಿಟ್ಟದ್ದಿಲ್ಲ. ಮಠದ ಕಡೆಯ ಹಿರಿಯರೊಬ್ಬರು ಬಂದು ಕುರ್ಚಿಯ ಮೇಲೆ ಸಾವಧಾನವಾಗಿ ಕುಳಿತು, ಮೂರು ಹಿತವಚನ ಹೇಳಿ, ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟು ಹಿತ್ತಲ ಕಡೆ ಬಿರಬಿರನೆ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಾರಣ ಇಷ್ಟೇ. ಹಾಲಿನ ಮೂಲೆಯಲ್ಲಿ ಭಾವ ಕೈಯಾರೆ ಕಟ್ಟಿದ ಮೀನಿನ ತೊಟ್ಟಿ ಇತ್ತು. ಅದರ ಪೈಪಿನಲ್ಲಿ ನೀರು ಗಳಗಳ, ಗುಳುಗುಳು, ನಡುನಡುವೆ ಒಂದು ದೊಡ್ಡ ಗೊರಕ್ ಎಂದು ಬಿಡುವಿಲ್ಲದೆ ಇಳಿಯುತ್ತಿತ್ತು. ಅದನ್ನು ಕೇಳುತ್ತಾ ಮನುಷ್ಯ ಎಷ್ಟು ಹೊತ್ತು ಕುಳಿತಾನು, ನೀವೇ ಹೇಳಿ?

ಭಾವ ಎಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಅವರದೊಂದು ಮೋಟಾರು ರಿಪೇರಿ ಅಂಗಡಿ. ಸುತ್ತಮುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳೆಲ್ಲ ಕಾಯಿಲೆ ಬಿದ್ದರೆ ಅವರ ಹತ್ತಿರವೇ ಬರುತ್ತಿದ್ದವು. ಓಡುವ ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆಂದರೆ ಒಳಗೆ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಅದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮನೆಯ ಮಿಕ್ಸಿ, ಗೋಡೆ ಗಡಿಯಾರ, ಪಕ್ಕದ ಮನೆಯವರ ಹೊಲಿಗೆ ಮಷಿನ್ನು, ಕಂಡದ್ದಕ್ಕೆಲ್ಲ ಸ್ಕ್ರೂಡ್ರೈವರ್ ಇಟ್ಟು ನೋಡುವುದು ಚಟವಾಗಿತ್ತು. ಒಮ್ಮೆ ಅಕ್ಕನಿಗೆ ಕೆಮ್ಮು ಹಿಡಿದು ಎರಡು ವಾರವಾದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ಬೆನ್ನಿಗೆ ಏನೋ ತಣ್ಣಗೆ ತಗುಲಿದಂತಾಗಿ ಅವಳು ತಿರುಗಿ ನೋಡಿದರೆ ಭಾವ ಕಣ್ಣು ಮುಚ್ಚಿಕೊಂಡು ನಿಂತಿದ್ದರು! ಅವತ್ತು ಮಧ್ಯಾಹ್ನದವರೆಗೆ ಅಕ್ಕ ಅವರ ಜೊತೆ ಮಾತು ಬಿಟ್ಟಿದ್ದಳು. ಭಾವ ಮಾತ್ರ ಎಡಗಡೆ ಕಫ ಇದೆ ಎಂದು ಖಚಿತವಾಗಿ ಹೇಳಿದರು. ಡಾಕ್ಟರೂ ಅದನ್ನೇ ಹೇಳಿದರು ಎನ್ನುವುದು ಬೇರೆ ವಿಷಯ.

ನಾನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವಳು. ನನ್ನ ಬಿ.ಎ. ಮುಗಿದ ವರ್ಷವೇ ಅಪ್ಪ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಭಾವ ಯಾರನ್ನೂ ಹೆಚ್ಚು ಕೇಳದೆ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದರು. ಶಿಕಾರಿಪುರದಲ್ಲಿ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ನನಗೆ ಗಂಡು ಹುಡುಕುವ ಕೆಲಸವೂ ಅವರ ತಲೆಗೇ ಬಿತ್ತು. ಇದೆಲ್ಲ ತೊಂಬತ್ತರ ದಶಕದ ನಡುವಿನ ಮಾತು. ಈಗ ನನಗೆ ಮದುವೆಯಾಗಿ, ಮಕ್ಕಳೂ ನನಗೇ ಬುದ್ಧಿ ಹೇಳುವಷ್ಟಾಗಿದ್ದಾರೆ, ಆದ್ದರಿಂದ ಹೇಳಿದರೆ ನಷ್ಟವೇನಿಲ್ಲ.

ಮೀನು ಸಾಕುವ ಹುಚ್ಚು ಭಾವನಿಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಶಿವಮೊಗ್ಗದಿಂದ ಆರು ಬಂಗಾರದ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸು ಹತ್ತಿ ಬಂದವು. ಅಂಗಡಿಯವನು ಜೊತೆಗೆ ಒಂದು ಪುಟ್ಟ ಗಾಳಿ ಯಂತ್ರ ಕೊಡಲು ಹೋದನಂತೆ. ಅದನ್ನು ಕೈಯಲ್ಲಿ ಹಿಡಿದು ನೋಡಿ, ಇದು ಮೋಟಾರಲ್ಲ, ಆಟದ ಸಾಮಾನು ಎಂದು ಭಾವ ವಾಪಸು ಕೊಟ್ಟರಂತೆ. ಅವರ ಲೆಕ್ಕಾಚಾರವೇ ಬೇರೆ. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಮೇಲೆ, ಅಕ್ಕ ಬಟ್ಟೆ ನೆನೆಸುತ್ತಿದ್ದ ಪ್ಲಾಸ್ಟಿಕ್ ಟಬ್ಬು ಕೆಳಗೆ. ಟಬ್ಬಿನಲ್ಲಿ ಮರಳು, ಇದ್ದಿಲು. ಕೂಲರಿನ ಪಂಪು ಟಬ್ಬಿನ ನೀರನ್ನು ಮೇಲೆತ್ತಿ ತೊಟ್ಟಿಗೆ ಸುರಿಯುವುದು. ತೊಟ್ಟಿ ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ಇಳಿದು, ಸೋಸಿಕೊಂಡು, ಮತ್ತೆ ಟಬ್ಬು ಸೇರುವುದು. ಕೆರೆ ತುಂಬಿದರೆ ಕೋಡಿ ಹರಿಯುವುದಿಲ್ಲವೇ, ಹಾಗೆ ಎಂದು ಭಾವ ನಮಗೆ ವಿವರಿಸಿದರು. ನೀರು ಕನ್ನಡಿಯಂತಾಯಿತು, ಮೀನುಗಳು ಕೊಬ್ಬಿದವು. ಆ ಮನೆಯಲ್ಲಿ ಮನುಷ್ಯರ ಮಾತು ಮಾತ್ರ ಅವತ್ತಿಗೆ ಮುಗಿಯಿತು.

ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಬಾರದೇ ಎಂದು ನೀವು ಕೇಳಬಹುದು. ಅಕ್ಕನೂ ಕೇಳಿದಳು. ನಿಲ್ಲಿಸಿದರೆ ತೊಟ್ಟಿಯ ನೀರು ಹಿಂದಕ್ಕಿಳಿದು, ಕೆಳಗಿನ ಟಬ್ಬು ಉಕ್ಕಿ, ಹಾಲಿನ ತುಂಬ ನೀರು! ಅದರ ಮೇಲೆ ಆಗಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಊರವರೆಲ್ಲ ಬೆಂಕಿಪೊಟ್ಟಣ ಹುಡುಕುತ್ತಿದ್ದರು, ನಾವು ಬಕೆಟ್ ಹುಡುಕುತ್ತಿದ್ದೆವು.

ಹೀಗಿರುವಾಗ ನನ್ನನ್ನು ನೋಡಲು ಮೊದಲ ಗಂಡಿನ ಕಡೆಯವರು ಬಂದರು. ಐದು ಜನ. ಅವರು ಬಂದು ಕುಳಿತ ಹಾಲು ಅದೇ. ನನ್ನ ಧ್ವನಿ ಮೊದಲಿಂದಲೂ ಸಣ್ಣದು, ಅಪ್ಪ ಹೋದ ಮೇಲೆ ಇನ್ನಷ್ಟು ಸಣ್ಣಗಾಗಿತ್ತು. ಹುಡುಗನ ತಂದೆ ಏನು ಓದಿದ್ದೀ ಎಂದು ಕೇಳಿದರು. ಹೇಳಿದೆ. ಪೈಪು ಗೊರಕ್ ಎಂದಿತು. ಅವರು ಮತ್ತೆ ಕೇಳಿದರು, ಮತ್ತೆ ಹೇಳಿದೆ, ಮತ್ತೆ ಗೊರಕ್. ಮೂರನೆಯ ಸಲ ಕೇಳುವ ಹೊತ್ತಿಗೆ ನನಗೆ ನಾಚಿಕೆಯಾಗಿ ತಲೆ ತಗ್ಗಿಸಿ ಸುಮ್ಮನಾದೆ. ಅವರಿಗೂ ಆ ಹೊತ್ತಿಗೆ ಉತ್ತರಕ್ಕಿಂತ ಬಚ್ಚಲಿನ ದಾರಿ ಹೆಚ್ಚು ಬೇಕಾಗಿತ್ತು. ಒಬ್ಬರ ಹಿಂದೆ ಒಬ್ಬರು ಎದ್ದರು. ಇದ್ದದ್ದು ಒಂದೇ ಬಚ್ಚಲು. ಹುಡುಗ ಹಿತ್ತಲ ಬಾಗಿಲಲ್ಲಿ ಸರದಿ ಕಾಯುತ್ತಾ ನಿಂತಿದ್ದಾಗಲೇ ನಾನು ಅವನ ಮುಖವನ್ನು ಸರಿಯಾಗಿ ನೋಡಿದ್ದು!

ಎರಡು ದಿನ ಬಿಟ್ಟು ಸಂಬಂಧ ತಂದವರು ಬಂದು ಸುದ್ದಿ ಹೇಳಿದರು. ಹುಡುಗಿಗೆ ಮಾತು ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ಅವರಿಗೆ ಅನುಮಾನವಂತೆ. ಅಕ್ಕ ಭಾವನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ನಿಮ್ಮ ಮೀನಿಗೆ ನನ್ನ ತಂಗಿ ಬಾಳು ಬಲಿ ಆಗೋದು ಬೇಡ ಮಾರಾಯ್ರೆ. ಇನ್ನೊಂದು ಗಂಡು ಬರೋದ್ರೊಳಗೆ ಇದು ಸುಮ್ಮನಾಗಬೇಕು, ಇಲ್ಲಾ ಈ ಮನೇಲಿ ಇರಬಾರದು."

ಭಾವ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಪೈಪಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಅಂಗಡಿಗೆ ಹೋದದ್ದು ಹನ್ನೆರಡು ಗಂಟೆಗೆ.

ಮೊದಲ ಮದ್ದು ಕಂಬಳಿ. ಹಳೆಯ ಕರಿ ಕಂಬಳಿಯನ್ನು ಪೈಪಿಗೆ ಸುತ್ತಿ ಹುರಿಯಲ್ಲಿ ಬಿಗಿದರು. ಸದ್ದು ಕಡಿಮೆಯಾಯಿತು, ಆದರೆ ಜಾತಿ ಬದಲಾಯಿತು. ಹೊಸದಾಗಿ ಬಂದವರು, ಒಳಗೆ ಯಾರು ಮಲಗಿದ್ದಾರೆ, ಹುಷಾರಿಲ್ಲವೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸತೊಡಗಿದರು.

ಎರಡನೆಯದು ತೂತು. ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು ಎಂದು ಭಾವನ ಸಂಶೋಧನೆ. ಮೊಳೆ ಕಾಯಿಸಿ ಪೈಪಿನ ನೆತ್ತಿಗೆ ಚುಚ್ಚಿದರು. ಗಾಳಿ ದಾರಿಯನ್ನೇನೋ ಕಂಡುಕೊಂಡಿತು, ಹೋಗುವಾಗ ಶಿಳ್ಳೆ ಹೊಡೆಯುತ್ತಾ ಹೋಯಿತು! ಅಡಿಗೆಮನೆಯಲ್ಲಿ ಅಕ್ಕ ಕುಕ್ಕರ್ ಇಟ್ಟು ಈಚೆ ಬಟ್ಟೆ ಮಡಚುತ್ತಾ ಕುಳಿತಿದ್ದಳು. ಮೂರು ಶಿಳ್ಳೆ ಎಣಿಸಿ ಒಲೆ ಆರಿಸಿದಳು. ಅವತ್ತು ಮಧ್ಯಾಹ್ನ ತಟ್ಟೆಗೆ ಬಿದ್ದ ತೊಗರಿಬೇಳೆ ಹಲ್ಲಿಗೆ ಕಟಕಟ ಸಿಕ್ಕಿತು. ಮೂರರಲ್ಲಿ ಎರಡು ಶಿಳ್ಳೆ ಪೈಪಿನವು ಎಂದು ಗೊತ್ತಾದಾಗ ಅಕ್ಕ ಸೌಟು ಹಿಡಿದುಕೊಂಡೇ ಹಾಲಿಗೆ ಬಂದಳು. ಭಾವ ಅಂಗಡಿಯ ನೆನಪಾದವರಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಇದರ ನಡುವೆ ನಮ್ಮ ಅವ್ವ ಕುಪ್ಪಗಡ್ಡೆಯಿಂದ ನಾಲ್ಕು ದಿನಕ್ಕೆಂದು ಬಂದಳು. ಅವಳು ಈ ತೊಟ್ಟಿಯನ್ನು ನೋಡಿದ್ದು ಅದೇ ಮೊದಲು. ಎಲೆಯಡಿಕೆ ಹಾಕಿಕೊಂಡು ಬಹಳ ಹೊತ್ತು ಅದರ ಮುಂದೆಯೇ ಕುಳಿತಿದ್ದಳು. ತುಂಬಿದ ನೀರು ಅಂಚು ಮುಟ್ಟಿ ಸದ್ದು ಮಾಡುತ್ತಾ ಹೊರಗೆ ಬೀಳುತ್ತಿದೆ ಎಂದರೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಹೆಂಗಸರು ಹೋಗಿ ಗಂಗಮ್ಮನಿಗೆ ಬಾಗಿನ ಕೊಡದೆ ಬಿಡುವುದುಂಟೇ? ಅಕ್ಕ ಸಂತೆಗೆ ಹೋಗಿದ್ದಳು, ನಾನು ಟೈಪಿಂಗ್ ಕ್ಲಾಸಿನಲ್ಲಿದ್ದೆ. ಅವ್ವ ಸ್ನಾನ ಮಾಡಿ, ತೊಟ್ಟಿಗೆ ಅರಿಶಿನ ಕುಂಕುಮ ಹಾಕಿ, ಹಸಿರು ಬಳೆ, ವೀಳ್ಯದೆಲೆ, ಒಂದು ಹಿಡಿ ಅಕ್ಕಿ ಬಿಟ್ಟು ಕೈ ಮುಗಿದಿದ್ದಾಳೆ. ವೀಳ್ಯದೆಲೆ ತೇಲುತ್ತಾ ಹೋಗಿ ಪೈಪಿನ ಬಾಯಿಗೆ ಮುಚ್ಚಳದಂತೆ ಕುಳಿತಿದೆ. ಪಂಪು ಮೇಲೆತ್ತುತ್ತಲೇ ಇದೆ, ನೀರಿಗೆ ಇಳಿಯಲು ದಾರಿಯಿಲ್ಲ. ನಾನು ಬಂದು ನೋಡಿದಾಗ ತೊಟ್ಟಿಯ ನಾಲ್ಕೂ ಕಡೆಯಿಂದ ಅರಿಶಿನದ ನೀರು ಇಳಿಯುತ್ತಿತ್ತು. ಆಗ ಸದ್ದೇನೋ ಪೂರ್ತಿ ನಿಂತಿತ್ತು. ಅವ್ವ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಸಮಾಧಾನದಿಂದ ನೋಡುತ್ತಿದ್ದಳು.

"ಹೆಂಗೆ ನೋಡು, ಬಾಗಿನ ಕೊಟ್ಟಿದ್ದೇ ತಡ, ಗಂಗಮ್ಮ ಮನೆ ತುಂಬಿದ್ಲು," ಎಂದಳು.

ಭಾವ ಮೀನುಗಳನ್ನು ಕೊಡಪಾನಕ್ಕೆ ಹಾಕಿ, ತೊಟ್ಟಿ ತೊಳೆದು, ಹೊಸ ನೀರು ತುಂಬಿಸಿದರು. ಅತ್ತೆಗೆ ಒಂದು ಮಾತು ಅನ್ನಲಿಲ್ಲ. ಮರುದಿನ ಅವಳು ಊರಿಗೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಸೀಟು ಹಿಡಿದುಕೊಟ್ಟು ಬಂದರು. ಬಸ್ಸು ಹೊರಟದ್ದನ್ನು ಖಚಿತಪಡಿಸಿಕೊಂಡೇ ಬಂದರು ಎಂದು ಅಕ್ಕನ ಟೀಕೆ.

ಅಷ್ಟರಲ್ಲಿ ಎರಡನೆಯ ಸಂಬಂಧ ಬಂದೇಬಿಟ್ಟಿತು. ಹೊನ್ನಾಳಿ ಕಡೆಯವರು, ಹುಡುಗನಿಗೆ ನೌಕರಿ ಇದೆ, ಫೋಟೋ ಒಪ್ಪಿಗೆಯಾಗಿದೆ, ಬರುವ ಭಾನುವಾರ ನೋಡಲು ಬರುತ್ತಾರೆ ಎಂದು ಸುದ್ದಿ. ಉಳಿದದ್ದು ಐದು ದಿನ. ಅಕ್ಕ ತೊಟ್ಟಿಯನ್ನು ಹಿತ್ತಲಿಗೆ ಸಾಗಿಸಲು ಪಕ್ಕದ ಮನೆಯವರಿಗೆ ಆಗಲೇ ಹೇಳಿಟ್ಟಳು. ಭಾವ ಊಟದ ತಟ್ಟೆಯ ಮುಂದೆ ಕುಳಿತರೂ ಕಿವಿ ಪೈಪಿನ ಕಡೆಗೇ. ಮೀನು ಹೊರಗೆ ಹೋಗುತ್ತದೆ ಎನ್ನುವುದಕ್ಕಿಂತ, ತನ್ನಿಂದ ಒಂದು ಸಂಬಂಧ ತಪ್ಪಿತು, ಇನ್ನೊಂದು ತಪ್ಪಬಾರದು ಎನ್ನುವ ಸಂಕಟ ಅವರದು. ಅವರು ಬಾಯಿ ಬಿಟ್ಟು ಹೇಳಿದವರಲ್ಲ. ನಾನು ಚಪಾತಿ ಬಡಿಸಲು ಹೋದರೆ ನನ್ನ ಮುಖ ನೋಡದೆ ಸಾಕು ಸಾಕು ಎನ್ನುತ್ತಿದ್ದರು.

ಬುಧವಾರ ತಾಳಗುಂದದಲ್ಲಿ ಯಾರದೋ ಪಂಪ್‌ಸೆಟ್ಟು ನೋಡಲು ಹೋದವರು ಸಂಜೆ ಮೊಪೆಡ್ಡಿನ ಹಿಂದೆ ಒಬ್ಬ ಮುದುಕರನ್ನು ಕೂರಿಸಿಕೊಂಡು ಬಂದರು. ಮೊಣಕಾಲಿನವರೆಗೆ ಪಂಚೆ, ತಲೆಗೆ ವಲ್ಲಿ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುವ ನೀರಗಂಟಿ ಎಂದು ಪರಿಚಯ ಮಾಡಿಸಿದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಮೀನಿನ ತೊಟ್ಟಿಗೆ ನೀರಗಂಟಿಯನ್ನು ಕರೆತಂದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿದ್ದಾನೆಯೇ?

ಆ ಅಜ್ಜ ನಗಲಿಲ್ಲ. ಕೊಟ್ಟ ಚಹಾ ಕುಡಿದು, ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ನೀರು ಪೈಪಿಗೆ ಬೀಳುವ ಕಡೆ ಬಗ್ಗಿ ನೋಡಿದರು. ಅಲ್ಲಿ ನೀರು ಸುರುಳಿ ಸುತ್ತುತ್ತಾ, ನಡುವೆ ಬೆರಳು ತೂರುವಷ್ಟು ಗುಂಡಿ ಮಾಡಿಕೊಂಡು ಇಳಿಯುತ್ತಿತ್ತು.

"ಗಾಳಿ ಕುಡಿತೈತ್ರೀ ಇದು," ಎಂದರು. "ಕೆರಿ ತೂಬೂ ಹಿಂಗೇ. ನೀರು ಇಳಿದು ಬಾಯಿ ಮೇಲೆ ಬಂತಂದ್ರೆ ಬೊಬ್ಬೆ ಹೊಡಿತೈತಿ. ಬಾಯಿ ಮುಳುಗಿರಬೇಕು, ಕೆಳಗೆ ಬಿಗಿ ಹಿಡೀಬೇಕು. ಹೆಚ್ಚಾದದ್ದಕ್ಕೆ ಮೇಲೊಂದು ಕೋಡಿ ಇಡ್ರೀ. ತೂಬು ಬ್ಯಾರೆ, ಕೋಡಿ ಬ್ಯಾರೆ. ನೀವು ಎರಡನ್ನೂ ಒಂದರಾಗೇ ಮಾಡೀರಿ."

ಭಾವ ಹಣೆ ಚಚ್ಚಿಕೊಂಡರು. ಇಷ್ಟು ವರ್ಷ ನೀರೆತ್ತುವ ಯಂತ್ರದ ಜೊತೆ ಬದುಕಿ ನೀರು ಇಳಿಯುವುದು ಹೇಗೆ ಎಂದೇ ನೋಡಲಿಲ್ಲವಲ್ಲ ಎಂದು ಅಜ್ಜನ ಎದುರೇ ಒಪ್ಪಿಕೊಂಡರು. ಅವರನ್ನು ಊರಿಗೆ ಬಿಟ್ಟು ಬಂದವರೇ ಕೆಲಸ ಶುರು ಮಾಡಿದರು. ಎರಡು ಪೈಪು. ಒಂದರ ಬಾಯಿ ನೀರಿನೊಳಗೆ ಮುಳುಗಿರುವಂತೆ, ಅದರ ಬುಡದಲ್ಲಿ ತಿರುಗಿಸುವ ವಾಲ್ವು. ಇನ್ನೊಂದು ಬರೀ ಕಾವಲಿಗೆ, ನೀರು ಲೆಕ್ಕ ಮೀರಿ ಏರಿದರೆ ಮಾತ್ರ ಬೀಳುವಷ್ಟು ಎತ್ತರದಲ್ಲಿ. ದೊಡ್ಡ ಟಬ್ಬೊಂದನ್ನೂ ತಂದರು. ಎರಡು ದಿನ ಅಂಗಡಿಗೆ ಬೀಗ.

ಶುಕ್ರವಾರ ಸಂಜೆ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುವುದು, ನೀರು ಏರುವುದನ್ನು ನೋಡುವುದು, ಮತ್ತೆ ಕೂದಲೆಳೆಯಷ್ಟು ತಿರುಗಿಸುವುದು. ಗಳಗಳ ಹೋಗಿ ಗುಳುಗುಳು ಉಳಿಯಿತು. ಗುಳುಗುಳು ಹೋಗಿ ಒಂದು ಸಣ್ಣ ಬಿಕ್ಕಳಿಕೆ ಉಳಿಯಿತು. ಆಮೇಲೆ ಅದೂ ಹೋಯಿತು. ನೀರಿನ ಮೇಲ್ಮೈ ಅಲುಗದೆ ನಿಂತಿತು. ಅಡಿಗೆಮನೆಯಿಂದ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು.

"ಕರೆಂಟು ಹೋಯ್ತಲ್ರೇ, ಬಕೆಟ್ ಎಲ್ಲಿ?"

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದನ್ನು ನೋಡಿ, ತೊಟ್ಟಿಯನ್ನು ನೋಡಿ, ಅಕ್ಕ ಅಲ್ಲೇ ಕುಳಿತು ನಕ್ಕಳು. ತೊಟ್ಟಿ ಬಂದ ಮೇಲೆ ಆ ಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ ನನಗೆ ಕೇಳಿಸಿದ್ದು ಅವತ್ತೇ ಮೊದಲು. ಶನಿವಾರವಿಡೀ ಭಾವ ನೆಂಟರು, ನೆರೆಯವರು, ಬೀದಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದು ಕೂರಿಸಿ ಏನಾದರೂ ಕೇಳಿಸುತ್ತದೆಯೇ ಎಂದು ಕೇಳಿದರು. ಏನೂ ಇಲ್ಲ ಎಂದವರಿಗೆಲ್ಲ ಚಹಾ. ಅಕ್ಕ ಅವತ್ತು ಹದಿನೇಳು ಲೋಟ ತೊಳೆದಳು.

ಭಾನುವಾರ ಹೊನ್ನಾಳಿಯವರು ಬಂದರು. ಹುಡುಗ, ಅವನ ತಂದೆ ತಾಯಿ, ಸೋದರತ್ತೆ. ಅವ್ವನೂ ಹಿಂದಿನ ದಿನವೇ ಬಂದಿದ್ದಳು, ತೊಟ್ಟಿಯ ಹತ್ತಿರ ಹೋಗಬಾರದೆಂಬ ಕರಾರಿನ ಮೇಲೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗನ ತಂದೆ ಏನು ಓದಿದ್ದೀ ಎಂದು ಕೇಳಿದರು. ಹೇಳಿದೆ. ನನ್ನ ಧ್ವನಿ ಗೋಡೆಯಿಂದ ಗೋಡೆಗೆ ಸರಿಯಾಗಿ ಹೋಗಿ ಮುಟ್ಟಿದ್ದು ನನಗೇ ಆಶ್ಚರ್ಯ. ಟೈಪಿಂಗಿನ ಬಗ್ಗೆ ಕೇಳಿದರು, ಅದನ್ನೂ ಹೇಳಿದೆ. ಭಾವ ಹುಡುಗನ ಕಡೆ ನೋಡಲೇ ಇಲ್ಲ. ನನ್ನ ಒಂದೊಂದು ಉತ್ತರ ಮುಗಿದಾಗಲೂ ತೊಟ್ಟಿಯ ಕಡೆ ನೋಡಿ ಒಳಗೊಳಗೇ ಹಿಗ್ಗುತ್ತಿದ್ದರು. ಯಾರೂ ಬಚ್ಚಲು ಕೇಳಲಿಲ್ಲ!

ಎಲ್ಲ ಸುಸೂತ್ರವಾಗಿತ್ತು. ನಾನು ಚಹಾದ ತಟ್ಟೆ ಹಿಡಿದು ಹಾಲಿನ ಆ ತುದಿಗೆ ಹೋಗಿದ್ದೆ. ಸೋದರತ್ತೆ ಹುಡುಗನ ತಾಯಿಯ ಕಡೆ ಬಾಗಿದರು. ಅವರು ಪಿಸುಗುಟ್ಟಿಯೇ ಹೇಳಿದ್ದು, ಅವರ ತಪ್ಪಿಲ್ಲ. ಬೇರೆ ಯಾವ ಮನೆಯಲ್ಲಾದರೂ ಆ ಮಾತು ಆ ಎರಡು ಕಿವಿಗಳ ನಡುವೆಯೇ ಉಳಿಯುತ್ತಿತ್ತು.

"ಫೋಟೋದಾಗ ಬೆಳ್ಳಗಿದ್ಲಲ್ಲ. ಇಲ್ಲಿ ನೋಡಿದ್ರೆ ಬ್ಯಾರೇನೇ ಐತಿ."

ಹುಡುಗನ ತಾಯಿ ಅಷ್ಟೇ ಮೆಲ್ಲಗೆ ಹೇಳಿದರು. "ವಯಸ್ಸೂ ಮುಚ್ಚಿಟ್ಟಂಗ ಕಾಣ್ತೈತಿ. ತಂದಿ ಇಲ್ಲದ ಹುಡುಗಿ, ಎಲ್ಲಿಗಾದ್ರೂ ದಾಟಿಸಿದ್ರೆ ಸಾಕಾಗೇತಿ ಇವ್ರಿಗೆ."

ಅಕ್ಷರ ಅಕ್ಷರವೂ ಕೇಳಿಸಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ನೆಲ ನೋಡಿದಳು. ಹುಡುಗ ಚಹಾದ ಲೋಟವನ್ನು ನೋಡಿದ. ನನ್ನ ಕೈಯಲ್ಲಿದ್ದ ತಟ್ಟೆಯ ಲೋಟಗಳು ಸಣ್ಣಗೆ ಕಿಣಿಕಿಣಿ ಎಂದವು, ಅದೂ ಎಲ್ಲರಿಗೂ ಕೇಳಿಸಿತು. ಬಣ್ಣದ ಮಾತಿಗೆ ನನಗೆ ಅಷ್ಟು ನೋವಾಗಲಿಲ್ಲ, ಆ ಫೋಟೋ ಸ್ಟುಡಿಯೋದವನ ಕರಾಮತ್ತು ಎಂದು ನನಗೂ ಗೊತ್ತಿತ್ತು. ಆದರೆ ದಾಟಿಸುವ ಮಾತು ನನ್ನ ಎದೆಯಲ್ಲೇ ಆಗಾಗ ಏಳುತ್ತಿದ್ದ ಮಾತು, ಅದನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಕಷ್ಟ.

ಭಾವ ಎದ್ದರು. ತೊಟ್ಟಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಕೆಳಗೆ ಕೈ ಹಾಕಿ, ಶುಕ್ರವಾರ ಸಂಜೆಯೆಲ್ಲ ಕೂದಲೆಳೆ ಲೆಕ್ಕದಲ್ಲಿ ಹದ ಮಾಡಿದ್ದ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತೆರೆದರು. ನೀರು ಸರ್ರನೆ ಇಳಿಯಿತು, ಪೈಪು ಬಾಯಿ ತೆರೆದು ಗಳಗಳ ಶುರು ಮಾಡಿತು. ಭಾವ ತಿರುಗಿ ಆ ಇಬ್ಬರು ಹೆಂಗಸರ ಕಡೆ ನೋಡಿ, ಸದ್ದಿನ ಮೇಲೆ ಕೇಳುವಂತೆ ದೊಡ್ಡ ದನಿಯಲ್ಲಿ, ತುಂಬ ಮರ್ಯಾದೆಯಿಂದ ಕೇಳಿದರು.

"ಏನೋ ಅಂದ್ರಲ್ಲಾ ತಾಯಿ? ಇಲ್ಲಿ ಏನೂ ಕೇಳ್ಸಂಗಿಲ್ಲ. ಸ್ವಲ್ಪ ಜೋರಾಗಿ ಹೇಳ್ರೀ."

ಜೋರಾಗಿ ಹೇಳುವ ಮಾತೇ ಅದು? ಅವರು ಚಹಾ ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತಿಗೆ ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಆ ಸಂಬಂಧ ಕೂಡಲಿಲ್ಲ, ಅವರು ಒಪ್ಪಿದರೂ ಭಾವ ಕೂಡಿಸುತ್ತಿರಲಿಲ್ಲ. ನನ್ನ ಮದುವೆ ಮರುವರ್ಷ ಬೇರೆ ಕಡೆ ಆಯಿತು.

ಅಕ್ಕ, ಅವ್ವ ಅವರನ್ನು ಬಾಗಿಲವರೆಗೆ ಕಳಿಸಲು ಹೋದರು. ಹಾಲಿನಲ್ಲಿ ಉಳಿದದ್ದು ನಾನು ಮತ್ತು ಭಾವ. ಅವರು ವಾಲ್ವಿಗೆ ಕೈ ಹಾಕಿದವರು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದರು.

"ಇರ್ಲಿ ಬಿಡವ್ವಾ, ಸ್ವಲ್ಪ ಹೊತ್ತು ಹಿಂಗೇ ಹರೀಲಿ," ಎಂದು ನನಗೆ ಬೆನ್ನು ಹಾಕಿ, ಮೀನುಗಳನ್ನು ನೋಡುತ್ತಾ ಕುಳಿತರು.

ಅಪ್ಪ ಹೋದಾಗ ಅವ್ವನಿಗೆ ಧೈರ್ಯ ಹೇಳಬೇಕೆಂದು ನಾನು ಅತ್ತಿರಲಿಲ್ಲ. ಆಮೇಲೆ ಅಕ್ಕನ ಮನೆಯಲ್ಲಿ ಅತ್ತರೆ ಅವಳಿಗೆ ಬೇಜಾರಾದೀತೆಂದು ಅತ್ತಿರಲಿಲ್ಲ. ಅವತ್ತು ಆ ಗಳಗಳದ ನಡುವೆ, ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, ಎದೆ ಹಗುರಾಗುವವರೆಗೆ ಅತ್ತೆ. ಭಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಕೊನೆಯ ಬಿಕ್ಕು ನುಂಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಆಗಲೇ ಅವರು ಕೈ ಚಾಚಿ ವಾಲ್ವನ್ನು ಮೆಲ್ಲಗೆ ತಿರುಗಿಸಿದರು. ಅಷ್ಟು ಸದ್ದಿನಲ್ಲಿ, ಬೆನ್ನು ಹಾಕಿ ಕುಳಿತವರಿಗೆ, ನನ್ನ ಅಳು ನಿಂತದ್ದು ಹೇಗೆ ಕೇಳಿಸಿತೋ!